ಮೊರಿಸ್ ಡಾಕ್ಟರ ಐದು ಗುಂಡಿನ ರಿವಾಲ್ವರು

“ಇದೂ ಅಲ್ಲ,” ಎಂದು ಸಲೋಮಿ ಬೀಗದಕೈಯನ್ನು ಹಾಸಿಗೆಯ ಮೇಲೆ ಎಸೆದು, ಗೊಂಚಲಿನಿಂದ ಇನ್ನೊಂದನ್ನು ಬಿಡಿಸಿ ಕಬ್ಬಿಣದ ಪೆಟ್ಟಿಗೆಗೆ ತುರುಕಿದರು. ಕಪ್ಪು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ನೆಲದ ಮೇಲೆಯೇ ಕೂತಿದ್ದರು. ಗಂಡ ಮೊರಿಸ್ ಡಾಕ್ಟರ ಶವಪೆಟ್ಟಿಗೆ ಆಸ್ಪತ್ರೆಯ ಶವಾಗಾರದಿಂದ ನೇರವಾಗಿ ಇಗರ್ಜಿಗೆ ಬರುವುದಿತ್ತು. ಅಷ್ಟರೊಳಗೆ ಈ ಕೆಲಸ ಮುಗಿಯಬೇಕು.

ಮಗಳು ಫ್ಲಾವಿಯಾ ಬಾಗಿಲಲ್ಲಿ ತಲೆ ಹಾಕಿದಳು. “ಮಮ್ಮಿ, ಇನ್ಸ್‌ಪೆಕ್ಟರ್ ಈಸ್ ಆನ್ ಹಿಸ್ ಥರ್ಡ್ ಸಮೋಸಾ.”

“ತಿನ್ನಲಿ ಪಾಪ. ಚಾ ಕೊಟ್ಟೆಯಾ?”

“ಟ್ವೈಸ್.”

ಲೈಸೆನ್ಸ್ ಇದ್ದವರು ತೀರಿಕೊಂಡರೆ ಆಯುಧ ಠಾಣೆಗೆ ಹೋಗಬೇಕು ಎಂಬುದು ನೈರೋಬಿಯಲ್ಲಿ ಎಲ್ಲರಿಗೂ ಗೊತ್ತಿದ್ದ ನಿಯಮ. ಆದರೆ ಸಾವಿನ ಮನೆಗೆ ಅದನ್ನು ಕೇಳಿಕೊಂಡು ಬರಬೇಕಾದ ಲಂಗಾಟಾ ಠಾಣೆಯ ಇನ್ಸ್‌ಪೆಕ್ಟರಿಗೆ ಬಹಳ ಸಂಕೋಚವಾಗಿತ್ತು. “ಪೋಲೆ ಸಾನಾ, ಮಾಮಾ” (ಬಹಳ ಬೇಸರವಾಯಿತು ತಾಯಿ) ಎಂದು ಸ್ವಾಹಿಲಿಯಲ್ಲಿ ಹೇಳಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಆಮೇಲೆ ಬಾಯಿ ತೆರೆದದ್ದು ತಿನ್ನುವುದಕ್ಕೆ ಮಾತ್ರ.

ಕೊನೆಯ ಕೀಲಿಯೂ ತಿರುಗಲಿಲ್ಲ. ಸಲೋಮಿ ಕಾಲಿನ ಚಪ್ಪಲಿ ತೆಗೆದು ಪೆಟ್ಟಿಗೆಯ ಪಕ್ಕೆಗೆ ಒಂದು ಬಿಟ್ಟರು. ಬಾಗಿಲು ತಾನಾಗಿ ತೆರೆದುಕೊಂಡಿತು.

“ಇಷ್ಟು ವರ್ಷ ಬೀಗವೇ ಬೀಳ್ತಾ ಇರಲಿಲ್ಲವೋ ಏನೋ,” ಎಂದರು ಅವರು, ಮಗಳ ಕಡೆಗೆ ನೋಡಿ. ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಸಲೋಮಿಯ ಕಣ್ಣು ತುಂಬಿತು. ಫ್ಲಾವಿಯಾ ತಾಯಿಯ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಳು.

ಹಾಲಿನಲ್ಲಿ ಇನ್ಸ್‌ಪೆಕ್ಟರು, ಸಲೋಮಿ ಪೆಟ್ಟಿಗೆಯಿಂದ ತಂದುಕೊಟ್ಟ ಚರ್ಮದ ಚೀಲದಿಂದ ರಿವಾಲ್ವರನ್ನು ಹೊರತೆಗೆದು, ಗುಂಡು ತುಂಬುವ ಉರುಳೆಯನ್ನು ಬೆಳಕಿಗೆ ಹಿಡಿದರು. ಖಾಲಿ ಇತ್ತು. ಆದರೆ ಅವರ ಹುಬ್ಬು ಮೇಲೇರಿತು. “ಐದೇ ತೂತು! ಆರು ಇರಬೇಕಲ್ಲ? ಹೆಸರೂ ಇಲ್ಲ. ಯಾವ ಕಂಪನಿಯದು ಇದು?”

ಸೋಫಾದ ತುದಿಯಲ್ಲಿದ್ದ ಸೂರ್ಯನಾರಾಯಣ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮೈಸೂರಿನವರು, ನೈರೋಬಿಯ ಶಾಲೆಯೊಂದರಲ್ಲಿ ಜೀವಮಾನವಿಡೀ ಭೌತಶಾಸ್ತ್ರ ಕಲಿಸಿದವರು, ಸತ್ತವರಿಗೆ ಅತಿ ಹಳೆಯ ಸ್ನೇಹಿತರು.

“ಕಂಪನಿ ಅಲ್ಲ ಸ್ವಾಮಿ,” ಎಂದರು ಅವರು. “ಪಂಗಾನಿ.”

ಅಳಲು ಬಂದಿದ್ದವರೆಲ್ಲ ಒಟ್ಟಿಗೆ ನಕ್ಕುಬಿಟ್ಟರು. ಪಂಗಾನಿ ನೈರೋಬಿಯದೇ ಒಂದು ಬಡಾವಣೆ; ಊರಿಗೆಲ್ಲ ಗೊತ್ತಿದ್ದ ಕತೆ ಅದು.

*

ಮೊರಿಸ್ ಮೂಡುಬಿದಿರೆಯ ಕಡೆಯವರು. ದನದ ಡಾಕ್ಟರಾಗಿ ಕೀನ್ಯಾದ ಸರ್ಕಾರಿ ಕೆಲಸಕ್ಕೆ ಬಂದು, ಅದು ಮುಗಿದ ಮೇಲೆ ಸ್ವಂತ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಎಂಬತ್ತರ ದಶಕದ ಒಂದು ಭಾನುವಾರ, ಒಂದು ಹಸುವನ್ನು ನೋಡಲು, ಗಾಳಿ ಸೇವನೆಗೆಂದು ಮೇಷ್ಟ್ರನ್ನೂ ಕೂರಿಸಿಕೊಂಡು, ಊರಾಚೆ ಕಿಟೆಂಗೆಲಾದ ಬಯಲಿಗೆ ಹೋದರು. ಡಾಕ್ಟರು ಬಸುರಿ ಹಸುವಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದ್ದಾಗ, ಮುಳ್ಳುಗಿಡಗಳ ಮರೆಯಿಂದ ಒಂದು ಕಾಡೆಮ್ಮೆ ಎದ್ದು ಬಂತು. ಇಬ್ಬರೂ ಜೀಪಿನ ತಲೆಯ ಮೇಲೆ ಹತ್ತಿ ಕೂತರು. ಕಾಡೆಮ್ಮೆ ಜೀಪಿಗೆ ಒರಗಿ ಮೈ ತುರಿಸಿಕೊಂಡಿತು. ಅದಕ್ಕೆ ಬೇಸರವಾಗಿ ಹೊರಡುವಾಗ ಸಂಜೆಯಾಗಿತ್ತು.

“ಒಂದು ರಿವಾಲ್ವರ್ ಬೇಕು,” ಎಂದರು ಮೊರಿಸ್, ವಾಪಸು ಬರುವಾಗ. “ಉದ್ದ ಕೋವಿ ಜೀಪಿನಲ್ಲೇ ಉಳಿಯುತ್ತದೆ. ಒಂದು ಕೈ ದನದೊಳಗೆ ಇರುವಾಗ ಇನ್ನೊಂದು ಕೈಗೆ ಸಿಗಬೇಕು. ದೊಡ್ಡ ಗುಂಡಿನದ್ದೇ ಬೇಕು.”

“ನನಗೆ ಮೊದಲು ಒಂದು ಜೊತೆ ಬೂಟು ಬೇಕು ಕಣಯ್ಯ,” ಎಂದರು ಮೇಷ್ಟ್ರು. ಅವರದೊಂದು ಅಲ್ಲೇ ಬಯಲಿನಲ್ಲಿ ಉಳಿದಿತ್ತು.

ಲೈಸೆನ್ಸ್ ಕೊನೆಗೂ ಸಿಕ್ಕಿತು, ಒಂದೇ ಒಂದು ರಿವಾಲ್ವರಿಗೆ. ಕಷ್ಟ ಶುರುವಾದದ್ದು ಅಲ್ಲಿಂದ. ಪೇಟೆಯ ಅಂಗಡಿಯಲ್ಲಿ ಅಮೆರಿಕದ ಕಾರ್ಖಾನೆಯದೊಂದಿತ್ತು. ಆರು ಗುಂಡು, ಕನ್ನಡಿಯಂಥ ಹೊಳಪು, ಬೇಕೆಂದಾಗ ಬಿಡಿಭಾಗ. ಇತ್ತ ಪಂಗಾನಿಯ ತಗಡಿನ ಶೆಡ್ಡಿನಲ್ಲಿ ಜೋಸೆಫ್ ಇದ್ದರು. ಕುಂದಾಪುರದವರು, ಶಿಕಾರಿಯ ಕಾಲದಲ್ಲಿ ಹೆಸರುವಾಸಿಯಾಗಿದ್ದ ಕೋವಿ ಕೆಲಸದವರು, ಕೊಂಕಣಿ ಮಾತಿನವರಿಗೆಲ್ಲ ‘ಬಾಪ್ಪು’, ಅಂದರೆ ಚಿಕ್ಕಪ್ಪ. ಶಿಕಾರಿಯನ್ನು ಸರ್ಕಾರ ನಿಲ್ಲಿಸಿದ ಮೇಲೆ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದರು. ಮೊರಿಸ್ ಅಭಿಪ್ರಾಯ ಕೇಳಲು ಹೋದಾಗ ಅವರು ರಿವಾಲ್ವರಿನ ಮಾತೇ ಎತ್ತದೆ ಡಾಕ್ಟರ ಬಲಗೈ ಹಿಡಿದು ತಿರುಗಿಸಿ ನೋಡಿದರು. ಹಿಂದೊಮ್ಮೆ ಗೂಳಿಯೊಂದು ಗೇಟಿಗೆ ಒತ್ತಿ ಜಜ್ಜಿದ್ದ ಹೆಬ್ಬೆರಳು, ಗೆಣ್ಣಿನಲ್ಲಿ ಬಾಗುತ್ತಿರಲಿಲ್ಲ.

“ಇದಕ್ಕೆ ಅಂಗಡಿಯ ಹಿಡಿ ಕೂಡುವುದಿಲ್ಲ ಡಾಕ್ಟ್ರೇ. ಅಳತೆಗೆ ಮಾಡಬೇಕು.”

ಕನ್ನಡ ಸಂಘದ ಊಟದಲ್ಲಿ, ಇಗರ್ಜಿಯ ಅಂಗಳದಲ್ಲಿ, ಮದುವೆಮನೆಗಳಲ್ಲಿ ವರ್ಷಗಟ್ಟಲೆ ಇದೇ ಚರ್ಚೆ: ರೆಡಿಮೇಡೋ, ಹೊಲಿಸಿದ್ದೋ? ರಿವಾಲ್ವರನ್ನು ಕಣ್ಣಿನಿಂದ ನೋಡದವರೂ ಎರಡು ಪಕ್ಷವಾದರು. ಮೇಷ್ಟ್ರು ಕಾರ್ಖಾನೆಯ ಕಡೆ. “ಸಾವಿರಾರು ಜನ ಹೊಡೆದು ನೋಡಿರೋ ಮಾಲು ಅದು. ಜೋಸೆಫರದ್ದನ್ನ ಮೊದಲು ಹೊಡೆದು ನೋಡೋನು ನೀನೇ!”

ಸಲೋಮಿಯದು ಬೇರೆಯೇ ವಾದ. “ನಮ್ಮ ಹೊಲಿಗೆ ಮೆಷಿನ್ ಜೋಸೆಫ್ ಬಾಪ್ಪುವಿನ ಹತ್ತಿರ ಹೋಗಿ ಎರಡು ಕ್ರಿಸ್ಮಸ್ ಆಯಿತು. ರಿವಾಲ್ವರ್ ಬರುವಾಗ ನಿಮಗೆ ಕೋಲು ಹಿಡಿಯುವ ವಯಸ್ಸು.”

ಕೊನೆಗೆ ಮೊರಿಸ್ ಅಂಗಡಿಯವರನ್ನು ಒಪ್ಪಿಸಿ, ಗುಂಡು ಹೊಡೆಯುವ ಮೈದಾನದಲ್ಲಿ ಕಾರ್ಖಾನೆಯದನ್ನು ಒಮ್ಮೆ ಹೊಡೆದು ನೋಡಿದರು. ಸಂಜೆ ಹಣೆಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದರು.

“ದನ ಒದೆಯಿತು,” ಎಂದರು.

“ಯಾವ ದನ?” ಎಂದರು ಸಲೋಮಿ. “ಅಮೆರಿಕದ್ದಾ?”

*

ಇಗರ್ಜಿಯ ಅಂಗಳದಲ್ಲಿ ಜನ ತುಂಬಿತ್ತು. ಸಿರಿವಂತರ ಬಡಾವಣೆ ರುಂಡಾದ ಕುದುರೆಗಳ ಯಜಮಾನರೂ ಬಂದಿದ್ದರು, ಕಿಟೆಂಗೆಲಾದ ಕೆಂಪು ಶುಕಾ ಹೊದ್ದ ಮಸಾಯಿ ದನಗಾಹಿಗಳೂ ಬಂದಿದ್ದರು. ಇನ್ಸ್‌ಪೆಕ್ಟರು ಠಾಣೆಗೆ ಹೋಗದೆ ಹಿಂದೆಯೇ ಬಂದರು. ಕತೆಯ ಉಳಿದರ್ಧ ಕೇಳದೆ ಹೋಗಲು ಅವರಿಗೆ ಮನಸ್ಸಿರಲಿಲ್ಲ.

ಮಟಾಟು ವ್ಯಾನಿನಿಂದ ಇಳಿದು, ಸಡಿಲವಾದ ಹಳೆಯ ಸೂಟಿನಲ್ಲಿ ಒಬ್ಬ ಮುದುಕರು ನಿಧಾನವಾಗಿ ನಡೆದು ಬಂದರು. ಸಲೋಮಿ ಎದುರು ಹೋಗಿ ಕೈ ಹಿಡಿದರು.

“ಬಾಪ್ಪು, ಫೋನ್ ಮಾಡಿದ್ದರೆ ಕಾರು ಕಳಿಸುತ್ತಿದ್ದೆವಲ್ಲ.”

“ಎಂತಕ್ಕೆ ಕಾರು? ಕಾಲುಂಟಲ್ಲ.” ಜೋಸೆಫ್ ಉಸಿರು ತಿರುಗಿಸಿಕೊಂಡರು. “ಮಲಗಿದಲ್ಲೇ ಹೋದರಂತೆ?”

“ಮಧ್ಯಾಹ್ನ ಮೀನು ಗಸಿ ಉಂಡು ಮಲಗಿದ್ದು. ಚಾಕ್ಕೆ ಎಬ್ಬಿಸಲು ಹೋದರೆ ಇಲ್ಲ.”

“ಒಳ್ಳೆ ಮರಣ. ಆದರೆ ನನ್ನನ್ನು ಬಿಟ್ಟು ಮುಂದೆ ಹೋದದ್ದು ಸರಿಯಲ್ಲ.” ಮುದುಕರು ಕರವಸ್ತ್ರ ಹುಡುಕಿದರು. ಅದು ಯಾವ ಜೇಬಿನಲ್ಲೂ ಸಿಗಲಿಲ್ಲ. ಸಲೋಮಿ ತಮ್ಮದನ್ನೇ ಕೊಟ್ಟರು.

ಇನ್ಸ್‌ಪೆಕ್ಟರು ಹತ್ತಿರ ಬಂದರು. “ಆ ರಿವಾಲ್ವರ್ ಮಾಡಿದವರು ನೀವೇನಾ? ಅವರನ್ನು ಹೇಗೆ ಒಪ್ಪಿಸಿದಿರಿ?”

“ಒಪ್ಪಿಸಿದ್ದಾ? ಬೇಡ ಅಂತ ಹೇಳಿದ್ದೇ ನಾನು,” ಎಂದರು ಜೋಸೆಫ್.

*

ಹಣೆಯ ಹೊಲಿಗೆ ಬಿಚ್ಚಿಸಿಕೊಂಡ ಮರುದಿನವೇ ಮೊರಿಸ್ ಪಂಗಾನಿಗೆ ಹೋಗಿದ್ದರು. ಆದರೆ ಅಷ್ಟರಲ್ಲಿ ಜೋಸೆಫರಿಗೇ ಅಳುಕು ಹುಟ್ಟಿತ್ತು.

“ಡಾಕ್ಟ್ರೇ, ಅಂಗಡಿಯದ್ದೇ ತಕ್ಕೊಳ್ಳಿ. ಹಿಡಿಯನ್ನು ಸ್ವಲ್ಪ ಕೆತ್ತಿ ಕೊಡುತ್ತೇನೆ. ಅದು ಕೆಟ್ಟರೆ ಯಾರಾದರೂ ಸರಿಮಾಡುತ್ತಾರೆ. ನಾನು ಮಾಡಿದ್ದು ಕೆಟ್ಟರೆ ನಾನೇ ಬೇಕು. ನಾನೇನು ಶಾಶ್ವತವಾ?”

“ನನ್ನ ಹೆಬ್ಬೆರಳನ್ನೂ ಯಾರೂ ಸರಿಮಾಡಲಿಲ್ಲ ಬಾಪ್ಪು. ಅದಕ್ಕೆ ಹೊಂದುವುದನ್ನೇ ಮಾಡಿ. ನಾನು ಇರುವವರೆಗೆ ನೀವೂ ಇದ್ದರಾಯಿತು.”

“ಅದೇನು ನನ್ನ ಕೈಯಲ್ಲಿ ಉಂಟಾ?”

“ಪ್ರಯತ್ನ ಮಾಡಿ.”

ಜೋಸೆಫ್ ಸರ್ಕಾರದ ಅನುಮತಿ ಪಡೆದು ಕೆಲಸಕ್ಕಿಳಿದರು. ಹಳೆಯ ರಿವಾಲ್ವರಿನ ಒಡಲೊಂದಕ್ಕೆ ಹೊಸ ನಳಿಗೆ ಕೂರಿಸಿದರು. ಅಷ್ಟು ದಪ್ಪದ ಗುಂಡಿಗೆ ಉರುಳೆಯ ಗೋಡೆ ತೆಳುವಾಗಬಾರದೆಂದು ಆರರ ಬದಲು ಐದೇ ತೂತು ಕೊರೆದರು. ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಕುದುರೆಯನ್ನು ಅಗಲ ಮಾಡಿ ತಗ್ಗಿಸಿದರು. ಡಾಕ್ಟರ ಎರಡೂ ಕೈಯಲ್ಲಿ ಮೇಣದ ಮುದ್ದೆ ಹಿಚುಕಿಸಿ ಅಚ್ಚು ತೆಗೆದು, ಬಲಗೈಯದರಂತೆ ಮರದ ಹಿಡಿ ಕೆತ್ತಲು ಕೂತರು. ಮೊದಲನೆಯದು ಸೀಳಿತು. ಎರಡನೆಯದು ಎಡಗೈಯ ಅಚ್ಚು ನೋಡಿ ಮಾಡಿದ್ದೆಂದು ಮುಗಿದ ಮೇಲೆ ತಿಳಿಯಿತು. ಮೂರನೆಯದನ್ನು ಮೊರಿಸ್ ಕೈಗೆ ತೆಗೆದುಕೊಂಡರು. ಗುರುತಿನವರ ಕೈ ಕುಲುಕುವ ಹಾಗೆ ಅದನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿದರು. ಶೆಡ್ಡಿನಿಂದ ಹೊರಡುವಾಗ ಸಲೋಮಿಯ ಹೊಲಿಗೆ ಯಂತ್ರವನ್ನೂ ಮರೆಯದೆ ಜೀಪಿಗೆ ಹಾಕಿಕೊಂಡರು.

*

“ಹೊಡೆದದ್ದುಂಟಾ ಅದರಲ್ಲಿ?” ಇನ್ಸ್‌ಪೆಕ್ಟರು ಸುತ್ತ ನಿಂತವರನ್ನು ಕೇಳಿದರು.

“ಎರಡು ಸಲ,” ಎಂದ ಒಬ್ಬ ಎತ್ತರದ ದನಗಾಹಿ, ಸ್ವಾಹಿಲಿಯಲ್ಲಿ. ಅವನ ಹೆಸರು ಸಂಕಾನ್. “ಎರಡೂ ನನಗಾಗಿ.”

ಅವತ್ತು ಸಂಕಾನ್ ಹಸುವಿನ ತಲೆ ಹಿಡಿದುಕೊಂಡಿದ್ದ. ಡಾಕ್ಟರು ಅದರ ಹೊಟ್ಟೆಯ ಗಾಯ ಹೊಲಿಯುತ್ತಿದ್ದರು. ಈ ಸಲದ ಕಾಡೆಮ್ಮೆ ಮೈ ತುರಿಸಿಕೊಳ್ಳಲು ಬಂದದ್ದಲ್ಲ. ಸಂಕಾನನನ್ನು ಕೆಡವಿ, ತಿರುಗಿ, ಮತ್ತೆ ತಲೆ ತಗ್ಗಿಸಿತು. ಹತ್ತಲು ಮರವಿರಲಿಲ್ಲ, ಜೀಪು ದೂರವಿತ್ತು. ಮೊರಿಸ್ ಸೂಜಿ ಬಿಟ್ಟು ರಿವಾಲ್ವರ್ ಹಿಡಿದರು. ಮೊದಲ ಗುಂಡಿಗೆ ಕಾಡೆಮ್ಮೆ ಅವರ ಕಡೆ ತಿರುಗಿತು. ಅಂಗಡಿಯದರ ಹಾಗೆ ಹಣೆಗೆ ಚಿಮ್ಮದೆ ರಿವಾಲ್ವರು ಕೈಯಲ್ಲೇ ನಿಂತಿತ್ತು. ಬಾಗದ ಹೆಬ್ಬೆರಳು ಕುದುರೆಯನ್ನು ಮತ್ತೆ ಎಳೆಯಿತು. ಎರಡನೆಯ ಗುಂಡಿಗೆ ಪ್ರಾಣಿ ಮೊಣಕಾಲೂರಿ, ಡಾಕ್ಟರ ಬೂಟಿನ ಹತ್ತಿರವೇ ಮೂತಿ ಚಾಚಿ ಬಿತ್ತು.

ಸಂಕಾನನ ಕಾಲು ಮುರಿದಿತ್ತು. ಅದಕ್ಕೆ ಕೋಲು ಕಟ್ಟಿ ಅವನನ್ನು ನೆರಳಿಗೆ ಸರಿಸಿದ ಮೇಲೆ ಮೊರಿಸ್ ಅಭ್ಯಾಸಬಲದಿಂದ ಸತ್ತ ಪ್ರಾಣಿಯನ್ನೂ ಪರೀಕ್ಷೆ ಮಾಡಿದರು. ಹಿಂಗಾಲಿನಲ್ಲಿ ತಂತಿಯ ಉರುಲು ಮೂಳೆಯವರೆಗೆ ಇಳಿದು ಕೀವುಗಟ್ಟಿತ್ತು. ಯಾರೋ ಕಳ್ಳಬೇಟೆಗೆ ಕಟ್ಟಿದ್ದು. ಎಷ್ಟು ದಿನದಿಂದ ಅದು ಆ ನೋವಿನಲ್ಲಿ ತಿರುಗುತ್ತಿತ್ತೋ.

ಮೊರಿಸ್ ಅದರ ಪಕ್ಕದಲ್ಲಿ ಕೂತುಬಿಟ್ಟರು. “ನೀನು ಬದುಕಿದೆಯಲ್ಲ, ಅದಕ್ಕೆ ರಿವಾಲ್ವರು ಸರಿಯಾಯಿತು,” ಎಂದರು ಸಂಕಾನನಿಗೆ. “ಆದರೆ ಈ ಪ್ರಾಣಿಗೆ ನನ್ನಿಂದ ಬೇಕಾಗಿದ್ದದ್ದು ಒಂದು ಇಕ್ಕಳ.”

ಮರುದಿನ ಅವರು ನ್ಗಾರಾದ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ತಂತಿ ಕತ್ತರಿಸುವ ಇಕ್ಕಳವೊಂದನ್ನು ಕೈಗೆ ಸಿಕ್ಕಿದ್ದೇ ತಗೊಂಡು ಬಂದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಅಲ್ಲಯ್ಯ, ರಿವಾಲ್ವರಿಗೆ ಮೂರು ವರ್ಷ ಯೋಚನೆ ಮಾಡ್ದೆ. ಇದನ್ನ ಹಿಡಿದೂ ನೋಡ್ಲಿಲ್ವಾ?”

“ಇದು ಯಾರ ಕೈಗೂ ಆಗುತ್ತದೆ ಮೇಷ್ಟ್ರೇ. ನಿಮಗೂ ಒಂದು ತಂದಿದ್ದೇನೆ.”

ಅಲ್ಲಿಂದ ಮುಂದೆ ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಡಾಕ್ಟರು, ಮೇಷ್ಟ್ರು, ಕುಂಟುತ್ತ ಸಂಕಾನ್ ಮೂವರೂ ಅಭಯಾರಣ್ಯದ ಅಂಚಿನ ಪೊದೆಗಳಲ್ಲಿ ಉರುಲು ಹುಡುಕಿ ಕತ್ತರಿಸುತ್ತ ನಡೆದರು. ಸಲೋಮಿ ಕಟ್ಟಿಕೊಟ್ಟ ಇಡ್ಲಿಯನ್ನು ಮರದಡಿ ತಿಂದರು. ರಿವಾಲ್ವರು ಡಾಕ್ಟರ ಸೊಂಟದಲ್ಲಿರುತ್ತಿತ್ತು. ವರ್ಷಕ್ಕೊಮ್ಮೆ ಜೋಸೆಫ್ ಅದಕ್ಕೆ ಎಣ್ಣೆ ಹಾಕಿ ಕೊಡುತ್ತಿದ್ದರು. ಮೂರನೆಯ ಗುಂಡು ಹೊಡೆಯುವ ಸಂದರ್ಭ ಬರಲಿಲ್ಲ.

*

ಪೂಜೆ ಮುಗಿದು ಮೆರವಣಿಗೆ ಲಂಗಾಟಾ ರಸ್ತೆಗೆ ಇಳಿಯಿತು. ಮುಂದೆ ಗಾಜಿನ ಕಿಟಕಿಯ ಶವದ ಗಾಡಿ, ಅದರ ಹಿಂದೆ ಸಲೋಮಿ, ಫ್ಲಾವಿಯಾ, ಮೇಷ್ಟ್ರು, ಜೋಸೆಫ್ ಕೂತ ಕಾರು, ಆಮೇಲೆ ಪೊಲೀಸ್ ಜೀಪು. ಸ್ಮಶಾನ ಇನ್ನೂ ಸ್ವಲ್ಪ ದೂರವಿರುವಾಗ ಎಲ್ಲವೂ ನಿಂತುಬಿಟ್ಟವು.

ಪಕ್ಕದ ಹುಲ್ಲಿನಿಂದ ಒಂದು ದೊಡ್ಡ ಹಿಂಡು ರಸ್ತೆಗೆ ಹತ್ತಿತ್ತು. ಭುಜದುಬ್ಬಿನ ಹಸುಗಳು, ಅವುಗಳ ಕಾಲ ಸಂದಿಯಲ್ಲಿ ಕರುಗಳು. ಅವುಗಳಿಗೆ ಯಾವ ಅವಸರವೂ ಇರಲಿಲ್ಲ. ಶವದ ಗಾಡಿಯ ಚಾಲಕ ಹಾರ್ನ್ ಒತ್ತಿದ. ಇನ್ಸ್‌ಪೆಕ್ಟರು ಜೀಪಿನಿಂದ ಇಳಿದು, ಟೋಪಿ ಹಾಕಿಕೊಂಡು, ಕೈ ಬೀಸುತ್ತ ಮುಂದೆ ಹೋದರು.

“ಫಾದರ್ ಅಲ್ಲಿ ಬಿಸಿಲಿನಲ್ಲಿ ಕಾಯ್ತಾ ಇರ್ತಾರೆ,” ಎಂದರು ಜೋಸೆಫ್.

ಸಲೋಮಿ ಕಾರಿನ ಗಾಜು ಇಳಿಸಿ ತಲೆ ಹೊರಗೆ ಹಾಕಿದರು. “ಇನ್ಸ್‌ಪೆಕ್ಟರ್! ಬಿಡಿ, ಓಡಿಸಬೇಡಿ. ಹೋಗುವಾಗ ಹೋಗುತ್ತವೆ.”

ಇನ್ಸ್‌ಪೆಕ್ಟರು ಕೈ ಇಳಿಸಿದರು. ಚಾಲಕ ಇಂಜಿನ್ ಆರಿಸಿದ. ಗೊರಸಿನ ಸದ್ದು, ಕೊರಳ ಗಂಟೆಯ ಸದ್ದು ಮಾತ್ರ ಉಳಿಯಿತು.

“ಮಮ್ಮಿ, ಲುಕ್,” ಎಂದಳು ಫ್ಲಾವಿಯಾ.

ಹಿಂಡಿನಿಂದ ಬೇರಾದ ಒಂದು ಕಪಿಲೆ ಹಸು ಶವದ ಗಾಡಿಯ ಹತ್ತಿರ ಬಂದು ನಿಂತಿತ್ತು. ಅದು ಹೂವಿನ ಹಾರಗಳನ್ನು ನೋಡಿತು. ಆಮೇಲೆ ಮೂತಿಯನ್ನು ಗಾಜಿಗೆ ಒತ್ತಿ ಜೋರಾಗಿ ಉಸಿರು ಬಿಟ್ಟಿತು. ಗಾಜಿನ ಮೇಲೆ ಬಿಳಿಯ ಮಂಜು ಹರಡಿತು, ಕರಗಿತು, ಮತ್ತೆ ಹರಡಿತು.