ವಹಾಬಣ್ಣ ಮಾಡಿದ ಪೆಟ್ಟಿಗೆ

ಹೆಸರು ಸೌಮ್ಯ, ಬಾಯಿ ಮಾತ್ರ ಬೆಂಕಿ ಎಂದು ಚನ್ನಪಟ್ಟಣದಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹಳೇ ಕಂಪ್ಯೂಟರ್ ರಿಪೇರಿ ಮಾಡುವವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಅದರಲ್ಲೂ ಬೊಂಬೆ ಮಾಡುವ ಮನೆಗಳಿಂದ ಬರುವ ಯಂತ್ರಗಳ ಹೊಟ್ಟೆ ತುಂಬ ಮರದ ಪುಡಿ.

ಶಬ್ನಮ್ ಸೋಮವಾರ ಹೊತ್ತು ತಂದದ್ದೂ ಹಾಗೇ ಇತ್ತು. ಮುಚ್ಚಿಹೋದ ಯಾವುದೋ ಸ್ಕೂಲಿನಿಂದ ಅವಳಪ್ಪ ವಹಾಬಣ್ಣ ಕೊಂಡಿದ್ದ ಹನ್ನೆರಡು ವರ್ಷದ ಮುದಿ ಯಂತ್ರ. ಅದರಲ್ಲಿ ಬೊಂಬೆಯ ನಕ್ಷೆ ಬರೆಯುವ ಹೊಸ ಸಾಫ್ಟ್‌ವೇರ್ ಓಡಬೇಕಂತೆ!

"ಬೆಂಗಳೂರಿನ ಅಂಗಡಿಯವರು ಹನ್ನೆರಡು ಬೊಂಬೆ ನಕ್ಷೆ ಅದ್ರಲ್ಲೇ ಬರೆದು ಕಳ್ಸಿ ಅಂದವ್ರೆ ಅಕ್ಕಾ. ಶನಿವಾರ ಐದು ಗಂಟೆ ಒಳಗೆ. ಈ ಆರ್ಡರ್ ಸಿಗ್ಲಿಲ್ಲಾಂದ್ರೆ ಅಬ್ಬಾ ಬೊಂಬೆ ಕಡೆಯೋ ಲೇತ್ ಮಾರ್ಬುಡ್ತಾರೆ. ತಗೊಳ್ಳೋರು ಮುಂದಿನ ಸೋಮವಾರ ನೋಡಕ್ಕೆ ಬತ್ತಾರೆ."

"ಹೊಸ ಕಂಪ್ಯೂಟರ್ ತಗೋಬಾರ್ದೇನೇ?"

ಅವಳು ತಲೆ ತಗ್ಗಿಸಿದಳು. ನನ್ನ ಬಾಯಿಗೆ ಮಣ್ಣು ಹಾಕ, ಕೇಳಬಾರದಿತ್ತು.

ಪುಡಿ ಊದಿ ತೆಗೆದೆ. ಯಾರೋ ಬಿಟ್ಟುಹೋಗಿದ್ದ ರ‍್ಯಾಮ್ ಸಿಕ್ಕಿಸಿದೆ, ಬೇಡದ್ದನ್ನೆಲ್ಲ ಅಳಿಸಿದೆ. ಸಾಫ್ಟ್‌ವೇರ್ ನರಳುತ್ತಲೇ ಎದ್ದು ಒಂದು ಗಂಟೆ ಓಡಿತು. ಕಳಿಸುವಾಗ ಅಭ್ಯಾಸದಂತೆ ಗದರಿದೆ: "ಇನ್ನೊಂದ್ಸಲ ಇದ್ರೊಳಗೆ ಒಂದು ಚಿಟಿಕೆ ಪುಡಿ ಕಂಡ್ರೂ ನಾನ್ ಮುಟ್ಟಲ್ಲ. ನಿಮ್ಮಪ್ಪಂಗೆ ಹೇಳು."

ಬುಧವಾರ ವಾಪಸ್ ತಂದಳು. ಮನೆಯಲ್ಲಿ ಕಾಲು ಗಂಟೆ ಓಡಿ ಆರಿಹೋಗುತ್ತದಂತೆ. ನನ್ನ ಅಂಗಡಿಯಲ್ಲಿ ಚೆನ್ನಾಗೇ ಓಡಿತು. ಶುಕ್ರವಾರವೂ ಅದೇ ಕಥೆ. "ಸಿನಿಮಾ ಗಿನಿಮಾ ಹಾಕ್ತಿದ್ದೀಯೇನೇ?" ಎಂದು ರೇಗಿದೆ. ಪಾಪದ ಹುಡುಗಿ, ಯಂತ್ರ ಹೊತ್ತುಕೊಂಡು ಹೊರಟಳು.

ಶನಿವಾರ ಮಧ್ಯಾಹ್ನ ಬರಿಗೈಲಿ ಬಂದು ಅಂಗಡಿ ಮುಂದೆ ನಿಂತಳು. ಕಣ್ಣೆಲ್ಲ ಕೆಂಪು. "ಇನ್ನೂ ಎರಡು ಬೊಂಬೆ ಬಾಕಿ ಐತೆ ಅಕ್ಕಾ. ಒಸಿ ಮನೆಗೆ ಬತ್ತೀರಾ?"

ಶಟರ್ ಎಳೆದು ಹೊರಟೆ.

ಒಂದೇ ಕೋಣೆ. ಅರ್ಧಕ್ಕೆ ಲೇತ್, ಅರ್ಧಕ್ಕೆ ಮೇಜು. ಮೇಜಿನ ಮೇಲೆ ಕಂಪ್ಯೂಟರಿನ ಪರದೆಯ ಪಕ್ಕ ಕೆಂಪು ಹಳದಿ ಬಣ್ಣದ ಮರದ ಪೆಟ್ಟಿಗೆಯೊಂದು ಮಿರಮಿರ ಮಿಂಚುತ್ತಿತ್ತು. ಎಷ್ಟು ಚೆಂದದ ಪೆಟ್ಟಿಗೆ ಅಂತೀರಿ!

"ಯಂತ್ರ ಒಳಗೈತೆ ಮೇಡಂ," ವಹಾಬಣ್ಣ ಹೆಮ್ಮೆಯಿಂದ ಹೇಳಿದರು. "ನೀವು ಹೇಳ್ಕಳಿಸಿದ ದಿನಾನೇ ಕೂತು ಮಾಡ್ದೆ. ಸಂದಿಗೆಲ್ಲ ಬೊಂಬೆಗೆ ಬಣ್ಣ ಹಚ್ಚೋ ಅರಗು ತುಂಬಿವ್ನಿ, ಒಂದು ಚಿಟಿಕೆ ಪುಡಿ ಹೋಗಾಕಿಲ್ಲ. ಲೇತೂ ನಿಲ್ಸಿವ್ನಿ. ಆದ್ರೂ ಅದೇನೋ, ಲೇತ್ ಓಡ್ತಾ ಇದ್ದಂಗೆ ಬಿಸಿ ಅರಗಿನ ವಾಸ್ನೆ ಬತ್ತಾನೇ ಐತೆ."

ಪೆಟ್ಟಿಗೆಯ ಹಿಂದಿನ ಸಂದಿಗೆ ಬೆರಳಿಟ್ಟೆ. ಸುಡುತ್ತಿತ್ತು. ಅರಗು ಮೆತ್ತಗಾಗಿ ಬೆರಳಿಗೆ ಅಂಟಿತು. ಯಂತ್ರ ಬಿಸಿಗಾಳಿ ಆಚೆ ಬಿಡಬೇಕು, ಇವರು ಅದರ ಮೂಗು ಬಾಯಿ ಎಲ್ಲ ಮುಚ್ಚಿಬಿಟ್ಟಿದ್ದರು.

ಕೂಗಾಡಲು ಬಾಯಿ ತೆರೆದೆ. ಆಗ ನನ್ನದೇ ಮಾತು ನೆನಪಾಯಿತು. ನಾನು ಗದರಿದ್ದಕ್ಕೆ ಹೆದರಿ ಆ ಮನುಷ್ಯ ಕೆಲಸ ನಿಲ್ಲಿಸಿ, ತನ್ನ ಕೈಯ ಕಸುಬನ್ನೆಲ್ಲ ಸುರಿದು ಇದನ್ನು ಮಾಡಿದ್ದರು. ನಾಚಿಕೆಯಿಂದ ಕಣ್ಣಲ್ಲಿ ನೀರೇ ಬಂತು.

"ತಪ್ಪು ನಂದು ವಹಾಬಣ್ಣ. ಧೂಳು ಧೂಳು ಅಂತ ಕೂಗಾಡ್ದೆ, ಅದಕ್ಕೆ ಗಾಳಿ ಬೇಕು ಅಂತ ಹೇಳಲೇ ಇಲ್ಲ."

ಯಂತ್ರವನ್ನು ಆಚೆ ತೆಗೆದು ಮುಚ್ಚಳ ಬಿಚ್ಚಿದೆ. ಶಬ್ನಮ್ ಬರೆಯಲು ಕೂತಳು. ವಹಾಬಣ್ಣ ರಟ್ಟಿನ ತುಂಡು ಹಿಡಿದು ಅದಕ್ಕೆ ಕೂಸಿಗೆ ಬೀಸುವ ಹಾಗೆ ಗಾಳಿ ಬೀಸಿದರು. ಎರಡು ಗಂಟೆ ಬೀಸಿದರು. ಕೈ ಬದಲಿಸಿದರೇ ಹೊರತು ನಿಲ್ಲಿಸಲಿಲ್ಲ.

ಐದಕ್ಕೆ ಹತ್ತು ನಿಮಿಷ.

"ಹೋಯ್ತಾ?"

"ಹೋಯ್ತು ಅಬ್ಬಾ."

ನನಗೆ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ಆರು ಗಂಟೆಗೆ ಶಬ್ನಮ್‌ಳ ಫೋನ್ ಸದ್ದಾಯಿತು. ಹನ್ನೆರಡು ನಕ್ಷೆಗಳೂ ಒಪ್ಪಿಗೆಯಾಗಿದ್ದವು. ಮೊದಲು ಗಿಲಕಿ ಒಂದನ್ನು ಮಾಡಿ ಕಳಿಸಬೇಕಂತೆ.

ವಹಾಬಣ್ಣ ಮುಖ ಒರೆಸಿಕೊಂಡು ಎದ್ದರು. "ಸೋಮವಾರ ಬರೋರಿಗೆ ಬರ್ಬೇಡಿ ಅಂತ ಹೇಳಮ್ಮಾ" ಎಂದು ಮಗಳಿಗೆ ಹೇಳಿ, ಮರದ ತುಂಡು ಸಿಕ್ಕಿಸಿ ಲೇತಿನ ಸ್ವಿಚ್ ಒತ್ತಿದರು. ಪುಡಿ ಹಾರಿತು.

"ಅಬ್ಬಾ, ಯಂತ್ರ ತೆರ್ಕೊಂಡೈತೆ! ಪುಡಿ ಬೀಳ್ತದೆ!" ಶಬ್ನಮ್ ಗಾಬರಿಯಿಂದ ನನ್ನ ಮುಖ ನೋಡಿದಳು.

"ಬೀಳ್ಲಿ ಬುಡೇ," ಅಂದೆ. "ನಾನ್ ಬಂದು ಒರೆಸ್ಕೊಡ್ತೀನಿ."