ಹದಿಮೂರು ನಂಬರಿನ ತಂತಿ

ತಂತಿಯ ವಿಷಯದಲ್ಲಿ ನಾನು ಪಂಡಿತೆ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ಜಕ್ಕೂರಿನ ನಮ್ಮ ತೋಟಕ್ಕೆ ದ್ರಾಕ್ಷಿ ಚಪ್ಪರ ಹಾಕಿದಾಗ ಕಂಬದಿಂದ ಕಂಬಕ್ಕೆ ತಂತಿ ಎಳೆಯಲು ಯಜಮಾನರ ಜೊತೆ ನಿಂತವಳು ನಾನು. ಎಂಟು ನಂಬರು ಎಂದರೆ ದಪ್ಪ ತಂತಿ, ಬಗ್ಗಿಸಲು ಹೋದರೆ ಹೆಬ್ಬೆರಳು ಬಾತುಕೊಳ್ಳುತ್ತದೆ. ಹತ್ತು ಅದಕ್ಕಿಂತ ಸಣ್ಣದು. ಹನ್ನೆರಡು ಬಳ್ಳಿ ಹಬ್ಬಿಸುವುದಕ್ಕೆ. ನಂಬರು ಏರಿದಷ್ಟೂ ತಂತಿ ಸಣ್ಣಗಾಗುತ್ತದೆ. ಇಷ್ಟು ತಿಳಿದವಳಿಗೆ ಗಿಟಾರಿನ ತಂತಿ ಯಾವ ಮಹಾ?

ಗಿಟಾರು ನಮ್ಮ ಮನೆಗೆ ತಾನಾಗಿ ಬಂದದ್ದು. ಯಜಮಾನರು, ಮುನಿಕೃಷ್ಣಪ್ಪನವರು, ತೋಟದ ಕೆಲಸದ ಜೊತೆಗೆ ವಿಮಾನದ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸಲು ಹೋಗುತ್ತಿದ್ದರು. ವಿಮಾನ ಕಲಿಯಲು ಬಂದಿದ್ದ ಯಾರೋ ಊರು ಬಿಡುವಾಗ ತಂತಿ ಹರಿದ ಗಿಟಾರನ್ನು ಅವರ ಕೈಗಿಟ್ಟು ಹೋದರು. ಅದು ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು. ಅದರ ಹೊಟ್ಟೆಯಲ್ಲಿ ಬಿತ್ತನೆಯ ಅವರೆ ತುಂಬಿಡಬಹುದೇ ಎಂದು ನಾನು ಯೋಚಿಸಿದ್ದೂ ಉಂಟು.

ಅರವತ್ತಾರನೇ ಇಸವಿಯಲ್ಲಿ ಅದಕ್ಕೊಂದು ಕೆಲಸ ಸಿಕ್ಕಿತು. ಊರಿನ ರಾಮಮಂದಿರದಲ್ಲಿ ಶನಿವಾರ ಸಂಜೆ ಗಂಡಸರ ಭಜನೆ. ಹೆಂಗಸರು ಕಂಬದ ಹಿಂದೆ ಕುಳಿತು ತುಟಿಯೊಳಗೆ ಹಾಡಿಕೊಳ್ಳಬೇಕು. ನನಗೋ ಮುಂದೆ ಕುಳಿತು, ಎಲ್ಲರೂ ನೋಡುವ ಹಾಗೆ ಹಾಡಬೇಕೆಂಬ ಆಸೆ. ನಾನು ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಡದ ದನಗಳು ತಲೆ ಎತ್ತುತ್ತಿದ್ದವು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ಹಾರ್ಮೋನಿಯಂ ಇದ್ದದ್ದು ನಮ್ಮ ಬಾವ ಚಿಕ್ಕಬೈರಪ್ಪನವರ ಕೈಯಲ್ಲಿ, ಆದ್ದರಿಂದ ಅಪ್ಪಣೆಯೂ ಅವರದೇ. ನಾನು, ಪಕ್ಕದ ಮನೆಯ ಗೋಪಾಲಕ್ಕ, ಇನ್ನೊಂದಷ್ಟು ಹೆಂಗಸರು ಹೋಗಿ ಕೇಳಿದೆವು. ಅವರು ಬಹಳ ಹೊತ್ತು ಎಲೆಅಡಿಕೆ ಜಗಿದರು.

"ಸುತಿ ಬೇಕಲ್ಲಮ್ಮಾ. ನನ್ ಪೆಟ್ಗೆ ಅಂತೂ ಕೊಡಾಕಿಲ್ಲ. ನಿಮ್ದೇ ಸುತಿ ತಂದ್ಕಂಡು ಒಂದ್ ಸನಿವಾರ ಹಾಡಿ. ಸರಿಬಂದ್ರೆ ಮುಂದಕ್ಕೂ ಹಾಡಿ. ಕೆಟ್ರೆ ಇನ್ನೊಂದ್ ಕಿತ ಈ ಮಾತೆತ್ತಬಾರ್ದು."

ಶ್ರುತಿಗೆ ನಮ್ಮ ಗೂಟದ ಮೇಲಿನ ಗಿಟಾರು ಸಾಕು, ತಂತಿ ಒಂದು ಹಾಕಿಸಿಬಿಟ್ಟರೆ ತಂಬೂರಿಯ ಹಾಗೆ ಮೀಟಿಕೊಂಡು ಹಾಡಬಹುದು ಎಂದು ನಾನು ಅಲ್ಲೇ ಒಪ್ಪಿಕೊಂಡು ಬಂದೆ. ಯಜಮಾನರು ಗಿಟಾರನ್ನು ತಟ್ಟಿ ನೋಡಿದರು. ಮರ ಒಣಗಿತ್ತು. "ಅಳೇ ಕಂಬ ಇದ್ದಂಗೈತೆ ಕಣೇ. ದಪ್ಪ ತಂತಿ ಬಿಗಿದ್ರೆ ಕಿತ್ಕಂಡ್ ಬತ್ತದೆ. ಸಣ್ಣದು ನೋಡಿ ತಗಂಬಾ" ಎಂದರು. ಇಂಥ ಮಾತನ್ನು ನನಗೆ ಹೇಳಿಕೊಡಬೇಕೇ?

ಗೋಪಾಲಕ್ಕನನ್ನು ಕರೆದುಕೊಂಡು ಬಸ್ಸು ಹತ್ತಿ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಹೋದೆ. ಆಗ ನಾನು ರಾತ್ರಿ ಶಾಲೆಗೆ ಸೇರಿ ಇಂಗ್ಲಿಷ್ ಅಂಕಿಗಳನ್ನು ಹೊಸದಾಗಿ ಕಲಿತಿದ್ದೆ. ಬಸ್ಸಿನ ನಂಬರು, ಮನೆ ನಂಬರು, ಔಷಧಿ ಶೀಸೆಯ ಮೇಲಿನ ಗೆರೆ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ದಾರಿಯುದ್ದಕ್ಕೂ ಓದಿ ಹೇಳಿ ಗೋಪಾಲಕ್ಕನಿಗೆ ತಲೆನೋವು ತರಿಸಿದೆ.

ವಾದ್ಯದಂಗಡಿಯವನು ಗಾಜಿನ ಮೇಲೆ ಮೂರು ಪೊಟ್ಟಣ ಇಟ್ಟ. ಮೇಲೆ ಹತ್ತು, ಹನ್ನೆರಡು, ಹದಿಮೂರು ಎಂದು ಅಂಕಿ. ಗಿಟಾರು ಹಳೆಯದೋ ಹೊಸದೋ ಎಂದು ಕೇಳಿದ. ಹಳೆಯದು ಎಂದೆ. ಅವನು ಹತ್ತರ ಪೊಟ್ಟಣವನ್ನು ನನ್ನ ಕಡೆ ಸರಿಸಿ ಏನೋ ವಿವರಿಸಲು ಬಾಯಿ ತೆರೆದ. ನನಗೆ ನಗು ಬಂತು. ಹಳ್ಳಿಯವಳೆಂದು ದಪ್ಪ ತಂತಿಯನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ.

"ತಂತಿ ನಮ್ಗೂ ಗೊತ್ತು ಕಣಪ್ಪ. ಹದ್ಮೂರು ಕೊಡು" ಎಂದೆ.

ಅವನು ಮತ್ತೆ ಏನೋ ಹೇಳಲು ಹೊರಟ. ನಾನು ಕೈ ಎತ್ತಿ ತಡೆದೆ. ಕೊಟ್ಟ.

ಗುರುವಾರ ಮಧ್ಯಾಹ್ನ ಯಜಮಾನರು ಜಗಲಿಯ ಮೇಲೆ ಕುಳಿತು ತಂತಿ ಬಿಗಿದರು. ನಾನು ನನ್ನ ದನಿಯಲ್ಲಿ ಒಂದು ಎಳೆ ಎಳೆದು ಇಷ್ಟಕ್ಕೆ ಬರಬೇಕು ಎಂದೆ. ಅವರು ತಂತಿ ಸುತ್ತುವ ಗಿಟಾರಿನ ಕಿವಿ ತಿರುಗಿಸಿದರು. ಇನ್ನೂ ಮೇಲೆ ಎಂದೆ, ಇನ್ನಷ್ಟು ತಿರುಗಿಸಿದರು. ಗಿಟಾರಿನ ಹೊಟ್ಟೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಮೆಲ್ಲಗೆ ಉಬ್ಬತೊಡಗಿತು. ಅದು ನಾದ ತುಂಬಿಕೊಳ್ಳುತ್ತಿರುವ ಲಕ್ಷಣವೆಂದು ನಾನು ವಿವರಿಸಿದೆ. ಅಷ್ಟರಲ್ಲಿ ಫಟ್ಟೆಂದು ಸದ್ದಾಗಿ, ತಂತಿಗಳನ್ನು ಕಚ್ಚಿಕೊಂಡಿದ್ದ ಮರದ ಪಟ್ಟಿ ಕಿತ್ತುಹೋಗಿ ಯಜಮಾನರ ಗಲ್ಲಕ್ಕೆ ಬಡಿಯಿತು.

ಅವರು ಗಲ್ಲ ಉಜ್ಜಿಕೊಂಡು, ಗಿಟಾರಿನ ಕಿವಿಗೆ ಸಿಕ್ಕಿಕೊಂಡೇ ಇದ್ದ ಹಳೆಯ ತಂತಿಯ ತುಂಡೊಂದನ್ನು ಬಿಡಿಸಿ ಹೊಸದರ ಪಕ್ಕ ಹಿಡಿದರು.

"ಇದು ದಪ್ಪ ಕಣೇ."

"ಹದ್ಮೂರು ನಂಬ್ರು ಎಂಗ್ರೀ ದಪ್ಪ ಆಯ್ತದೆ?"

"ನೀನೇ ನೋಡು."

ಬೆರಳಲ್ಲಿ ಹೊರಳಿಸಿ ನೋಡಿದೆ. ದಪ್ಪವೇ. ಚಪ್ಪರದ ಲೆಕ್ಕ ಇಲ್ಲಿ ತಲೆಕೆಳಗು, ನಂಬರು ಏರಿದರೆ ತಂತಿಯೂ ದಪ್ಪ. ಗೋಪಾಲಕ್ಕ ಸೊಪ್ಪು ಬಿಡಿಸುತ್ತ ತಲೆ ಎತ್ತದೆ ಹೇಳಿದಳು: "ಅಂಗಡಿಯೋನು ಅದ್ನೇ ಯೋಳಾಕ್ ಬಂದ. ನೀನ್ ಬಿಟ್ರೆ ತಾನೇ."

ಮಾರನೆಯ ದಿನ ತೋಟದಲ್ಲಿ ಕೊಯ್ಲು, ಮತ್ತೆ ದಂಡಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಯಜಮಾನರು ಬಡಗಿಯ ಮನೆಯಿಂದ ಮರವಜ್ರ ತಂದು ಕಾಯಿಸಿ, ಪಟ್ಟಿಯನ್ನು ಅಂಟಿಸಿ, ಮೇಲೆ ರಾಗಿ ಬೀಸುವ ಕಲ್ಲು ಹೇರಿಟ್ಟರು. ಶನಿವಾರ ಕಲ್ಲು ತೆಗೆದು, ಅದೇ ತಂತಿಗಳಲ್ಲಿ ಮೂರನ್ನು ಮಾತ್ರ ಕಟ್ಟಿ, ಮರ ಮಿಸುಕದಷ್ಟು ಸಡಿಲ ಬಿಟ್ಟರು. ದಪ್ಪ ತಂತಿ, ಸಡಿಲ ಬಿಗಿತ. ಮೀಟಿದರೆ ಕೊಟ್ಟಿಗೆಯಲ್ಲಿ ಎಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಕೆಳಗಿನ ದನಿ ಬಂತು. ಬಿಗಿ ಮಾಡಿದರೆ ಮತ್ತೆ ಕಿತ್ತುಬರುತ್ತದೆ. ಹಾಡಿದರೆ ಇದಕ್ಕೇ ಹಾಡಬೇಕು.

ಸಂಜೆ ಮಂದಿರದಲ್ಲಿ ಮುಂದೆ ಕುಳಿತೆ. ಗಂಡಸರೆಲ್ಲ ಗೋಡೆಗೊರಗಿದ್ದರು. ಮೀಟಿ, ಬಾಯಿ ತೆರೆದೆ. ಆ ಶ್ರುತಿಗೆ ಇಳಿದರೆ ನನ್ನ ಗಂಟಲಲ್ಲಿ ಬರೀ ಗಾಳಿ. ಒಂದು ಸ್ಥಾಯಿ ಮೇಲೆ ಹೋದರೆ ಬೆಕ್ಕಿನ ಬಾಲ ತುಳಿದ ಹಾಗೆ. ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿ ನಗು ನುಂಗಿಕೊಂಡರು. ಬಾವ ಹಾರ್ಮೋನಿಯಂ ಕಡೆ ಕೈ ಚಾಚಿದರು. ಇಲ್ಲಿಗೆ ಹೆಂಗಸರ ಹಾಡು ಮುಗಿಯಿತು, ನನ್ನ ಪಾಂಡಿತ್ಯದಿಂದಲೇ ಮುಗಿಯಿತು ಎಂದುಕೊಂಡೆ. ಆದರೂ ಕೈ ಮಾತ್ರ ಹೆದರಿಕೆಗೆ ನಿಲ್ಲದೆ ಮೀಟುತ್ತಲೇ ಇತ್ತು.

ಆಗ ನನ್ನ ಹಿಂದಿನಿಂದ ಒಂದು ದನಿ ಎದ್ದಿತು. ತುಂಬಿದ ಕೊಡದ ಹಾಗೆ ಅಗಲವಾದ, ಅಳುಕಿಲ್ಲದ ದನಿ. ಯಾರೆಂದು ತಿರುಗಿ ನೋಡಿದೆ. ಗೋಪಾಲಕ್ಕ. ಬಾವನ ಹಾರ್ಮೋನಿಯಂ ಎತ್ತರಕ್ಕೆ ಅವಳ ಗಂಟಲು ಎಂದೂ ಏರಿರಲಿಲ್ಲ, ಆದ್ದರಿಂದ ಅವಳಿಗೆ ಹಾಡೇ ಬಾರದೆಂದು ನಾವೆಲ್ಲ ತೀರ್ಮಾನಿಸಿದ್ದೆವು. ಅವಳ ಬೆನ್ನಿಗೆ ಉಳಿದ ಹೆಂಗಸರೂ ಸೇರಿಕೊಂಡರು. ಕಂಬದ ಹಿಂದೆ ಇಷ್ಟು ದನಿ ಇತ್ತೆಂದು ಯಾರಿಗೆ ಗೊತ್ತಿತ್ತು? ಬಾವನ ಕೈ ಹಿಂದಕ್ಕೆ ಹೋಯಿತು.

ಮಂಗಳಾರತಿಯಾದ ಮೇಲೆ ಅವರು ಬಂದು ನಿಂತರು. "ಬರೋ ಸನಿವಾರನೂ ನೀವೇ ಕುಂತ್ಕಳಿ" ಎಂದರು. ಎರಡು ಹೆಜ್ಜೆ ಹೋಗಿ, ನನ್ನ ಕಡೆ ತಿರುಗಿದರು. "ನೀನು ಇಂಗೇ ಮೀಟ್ತಾ ಇರವ್ವ. ಬಾಯಿ ತೆಗೀಬ್ಯಾಡ."

ಮನೆಗೆ ಹೋಗುವಾಗ ಗೋಪಾಲಕ್ಕ ನನಗಿಂತ ಮುಂದೆ ಮುಂದೆ ನಡೆದಳು. ಅವಳ ನಡಿಗೆಯೇ ಬೇರೆಯಾಗಿತ್ತು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು: "ಆ ಹತ್ತು ನಂಬ್ರುದ್ ತಂದ್ರೆ ಸುತಿ ಮ್ಯಾಕೆ ಏರ್ತದೆ ಅಲ್ವೇನೇ? ನೀನೂ ಹಾಡ್ಬೋದು."

ಏರುತ್ತದೆ. ನಾನು ಹಾಡಬಹುದು. ಅವಳು ಮತ್ತೆ ಕಂಬದ ಹಿಂದೆ ಹೋಗಿ ತುಟಿ ಆಡಿಸಬಹುದು. ಇಷ್ಟು ಲೆಕ್ಕ ಆ ಹೊತ್ತಿಗೆ ನನಗೂ ಬರುತ್ತಿತ್ತು.

"ಆ ಅಂಗಡಿಯೋನ್ ಮಕ ನೋಡಾಕೆ ನನ್ ಕೈಲಾಗಾಕಿಲ್ಲ ಕಣಕ್ಕ" ಎಂದೆ.