ತಲೆ ತಗ್ಗಿಸಿದವನು ಕಾಣದ ಕಾರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಡ್ರೋನಿನಿಂದ ಶುರು ಮಾಡಿದರೆ ಯುದ್ಧದ ಕಥೆ ಎಂದುಕೊಳ್ಳುತ್ತೀರಿ. ಕಾರಿನಿಂದ ಮಾಡಿದರೆ ಜಾಹೀರಾತು. ಸರೋವರದಿಂದ ಮಾಡಿದರೆ ಭಾನುವಾರದ ಪ್ರವಾಸ ಪುರವಣಿ. ಪತ್ರಿಕೆಯ ಡೆಸ್ಕಿನಲ್ಲಿ ನನಗೆ ಕಲಿಸಿದ್ದು ಒಂದೇ: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಎಲ್ಲವೂ ಮೊದಲ ವಾಕ್ಯದಲ್ಲೇ ಬಂದುಬಿಡಬೇಕು. ಸರಿ, ತೆಗೆದುಕೊಳ್ಳಿ.

ನಡು ಫಿನ್‌ಲೆಂಡಿನಲ್ಲಿ, ಅಕ್ಟೋಬರಿನ ಒಂದು ಭಾನುವಾರ, ರೌನೊ ಎಂಬ ಮುದುಕ ತನ್ನ ಗೆಳೆಯ ಓಯ್ವ ಕಾರು ಓಡಿಸುವುದನ್ನು ಜೀವನದಲ್ಲಿ ಮೊದಲ ಬಾರಿ ನೋಡುವ ಸಲುವಾಗಿ ಒಂದು ಚಿಕ್ಕ ಡ್ರೋನ್ ಹಾರಿಸಿದ.

(ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹಳೆಯ ಸಂಪಾದಕರು ತಲೆಯೊಳಗಿನಿಂದಲೇ ಫೋನ್ ಮಾಡುತ್ತಾರೆ: 'ಇವರಿಬ್ಬರೂ ಇಪ್ಪತ್ತು ವರ್ಷ ಒಂದೇ ಕಾರಿನಲ್ಲಿ ರ‍್ಯಾಲಿ ಓಡಿದವರು ತಾನೆ? ಮೊದಲ ಬಾರಿ ಹೇಗಾಗುತ್ತದೆ ರೀ?')

೨

ಆಗುತ್ತದೆ. ರ‍್ಯಾಲಿಯಲ್ಲಿ ಪಕ್ಕದ ಸೀಟಿನವನ ಕೆಲಸ ದಾರಿ ನೋಡುವುದಲ್ಲ, ಓದುವುದು. ತೊಡೆಯ ಮೇಲೆ ದಾರಿಯ ಟಿಪ್ಪಣಿ, ತಲೆ ಸದಾ ಕೆಳಗೆ: "ಬಲ ಮೂರು, ಉದ್ದ. ದಿಬ್ಬ. ಎಡ ಎರಡು, ಒಳಗೆ ಕಲ್ಲು." ಅಂಕಿ ಚಿಕ್ಕದಾದಷ್ಟೂ ತಿರುವು ಕಡಿದು. ಓಯ್ವ ಸ್ಟಿಯರಿಂಗ್ ಹಿಡಿದಷ್ಟು ಕಾಲವೂ ರೌನೊ ಕಂಡದ್ದು ತನ್ನ ಮೊಣಕಾಲನ್ನು. ತಿರುವಿನಲ್ಲಿ ಕಾರು ಹೇಗೆ ಜಾರುತ್ತದೆ ಎಂಬುದನ್ನು ಅವನ ಸೊಂಟ ಬಲ್ಲದು, ಕಣ್ಣು ಅರಿಯದು. ಆ ಕಾಲದ ಫೋಟೋಗಳೇನೋ ಇವೆ. ಆದರೆ ಅವುಗಳಲ್ಲಿ ಕಾರು ನಿಂತಿದೆ.

(ಫೋಟೋದಲ್ಲಿ ಎಲ್ಲ ಕಾರೂ ನಿಂತೇ ಇರುತ್ತದೆ ಎಂದು ತಿದ್ದಿದವನು ರೌನೊ. ನನ್ನ ಪಾತ್ರಗಳಲ್ಲಿ ಇಷ್ಟು ತಿದ್ದುವವನು ಇನ್ನೊಬ್ಬನಿಲ್ಲ.)

ಇಂದೇ ಏಕೆ? ವಯಸ್ಸಿನ ಲೆಕ್ಕದಲ್ಲಿ ನಾಳೆಯಿಂದ ಓಯ್ವನಿಗೆ ಲೈಸೆನ್ಸ್ ಇಲ್ಲ. ವೈದ್ಯರ ಪ್ರಮಾಣಪತ್ರ ತಂದರೆ ಮುಂದುವರಿಸುತ್ತಾರೆ. ಅವನು ತರಲು ಹೋಗಲೇ ಇಲ್ಲ. ಈ ಬೇಸಿಗೆಯಿಂದ ತನ್ನ ಕಾಲು ಬ್ರೇಕಿಗೆ ತುಸು ತಡವಾಗಿ ಹೋಗುತ್ತಿದೆ ಎಂಬುದು ಬೇರೆ ಯಾರಿಗೂ ಗೊತ್ತಾಗುವ ಮೊದಲೇ ಅವನಿಗೆ ಗೊತ್ತಾಗಿತ್ತು. ಇಂದು ರೌನೊ ನೋಡದಿದ್ದರೆ ಇನ್ನು ನೋಡುವುದಿಲ್ಲ. ಕಥೆಯಲ್ಲಿ ಇರುವುದು ಇಷ್ಟೇ. ಉಳಿದದ್ದೆಲ್ಲ ನನ್ನ ಹೊಟ್ಟೆಪಾಡು.

೩

ಮೊದಲ ಕರಡು ಹೀಗಿತ್ತು: 'ಹಳದಿ ಬಣ್ಣದ ದೋಣಿ ಕೇಬಲ್ಲಿನ ಗುಂಟ ತೆವಳುತ್ತಾ ಕಡಲಿನಂಥ ಮೌನವನ್ನು ಸೀಳುತ್ತಿತ್ತು. ರೌನೊನ ಕಣ್ಣಂಚಿನಲ್ಲಿ ನೀರು...'

"ತೆಗಿ ಅದನ್ನ," ಎಂದ ರೌನೊ.

"ಗಾಳಿಗೆ ಬಂದ ನೀರು ಅಂತ ಬರೀತೀನಿ."

"ಗಾಳಿ ಇರಲಿಲ್ಲ. ಗಾಳಿ ಇದ್ದಿದ್ರೆ ಡ್ರೋನ್ ಹಾರಿಸ್ತಿದ್ನಾ? ಆಮೇಲೆ ಅದು ಕಡಲಲ್ಲ, ಸರೋವರ."

ತೆಗೆದೆ.

೪

ಕಾರುಗಳನ್ನು ಸರೋವರ ದಾಟಿಸುವ ಆ ದೋಣಿಯ ಮೇಲೆ ಇದ್ದದ್ದು ಒಂದೇ ಕಾರು, ಓಯ್ವನ ಹಳೆಯ ಸಾಬ್. ಆಚೆ ದಡದಲ್ಲಿ ದೋಣಿಕಟ್ಟೆಯಿಂದ ಹೊರಟು, ಕೊಲ್ಲಿಯನ್ನು ಬಳಸಿ ಮತ್ತೆ ಅದೇ ಕಟ್ಟೆಗೆ ಬರುವ ಜಲ್ಲಿ ರಸ್ತೆ. ಬೇಸಿಗೆಮನೆಗಳವರು ಕಿಟಕಿ ಮುಚ್ಚಿ ಊರು ಸೇರಿಯಾಗಿತ್ತು. ಇವರಿಬ್ಬರೂ ಎಳೆಯರಾಗಿದ್ದಾಗ ಅಭ್ಯಾಸ ಮಾಡಿದ ರಸ್ತೆ ಅದೇ.

"ಲೋ, ನಲವತ್ತು ದಾಟಬೇಡ," ಎಂದ ರೌನೊ. "ದಾಟಿದ್ರೆ ಈ ಡ್ರೋನ್ ಹಿಂದೆ ಬೀಳುತ್ತೆ."

"ನಲವತ್ತರಲ್ಲಿ ನಮ್ಮಜ್ಜಿ ಚರ್ಚಿಗೆ ಹೋಗ್ತಿದ್ಲು."

"ನಿಮ್ಮಜ್ಜಿ ನಡ್ಕೊಂಡು ಹೋಗ್ತಿದ್ಲು."

"ನಾನೂ ಅದನ್ನೇ ಹೇಳಿದ್ದು."

ಓಯ್ವನ ಹೆಂಡತಿ ಹಿಲ್ಕಾ ಕಟಕಟೆಗೆ ಒರಗಿ ಫ್ಲಾಸ್ಕಿನಿಂದ ಕಾಫಿ ಸುರಿದಳು.

(ಇಲ್ಲಿ ಹಿಲ್ಕಾ ನನ್ನ ಕಡೆ ತಿರುಗಿದಳು. "ನನ್ನನ್ನ ಈ ಕಥೇಲಿ ಬರೀ ಕಾಫಿ ಸುರಿಯೋಕೆ ಇಟ್ಕೊಂಡಿದ್ದೀಯಾ? ಮೂವತ್ತು ವರ್ಷ ಶಾಲೆ ಬಸ್ ಓಡಿಸಿದೋಳು ನಾನು. ಈ ಇಬ್ಬರು ಮಹಾಶಯರು ಬೀಳದ ಚರಂಡಿ ಈ ಜಿಲ್ಲೆಯಲ್ಲಿಲ್ಲ. ನಾನು ಒಂದಕ್ಕೂ ಬಿದ್ದಿಲ್ಲ. ಅದನ್ನ ಬರಿ." ಬರೆದಿದ್ದೇನೆ.)

೫

ಇನ್ನು ತಪ್ಪಿನ ವಿಷಯ. ತಪ್ಪು ಇಲ್ಲದಿದ್ದರೆ ನನಗೆ ಕಥೆ ಇಲ್ಲ. ತಪ್ಪು ಮಾಡಿದವರು ಇಬ್ಬರೂ, ತಮ್ಮ ತಮ್ಮ ಕಸುಬಿಗೆ ತಕ್ಕಂತೆ.

ರೌನೊನ ತಪ್ಪು: ಹೊರಡುವ ಗೆರೆ ಬರುವ ಮೊದಲೇ ಸಿದ್ಧನಾಗಿರುವುದು ಪಕ್ಕದ ಸೀಟಿನವನ ರಕ್ತದಲ್ಲೇ ಇರುತ್ತದೆ. ಕಾರು ದೋಣಿಯಿಂದ ಇಳಿಯುವ ದೃಶ್ಯವೂ ಸಿಗಲಿ ಎಂದು ಅವನು ದೋಣಿ ನಡುನೀರಿನಲ್ಲಿರುವಾಗಲೇ ಡ್ರೋನನ್ನು ಮೇಲೇರಿಸಿದ. ಈ ಯಂತ್ರ ತಾನು ನೆಲ ಬಿಟ್ಟ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ರಿಮೋಟಿನ ಸಂಪರ್ಕ ತಪ್ಪಿದರೆ ಅಲ್ಲಿಗೇ ಹಿಂತಿರುಗಿ ಇಳಿಯುತ್ತದೆ. ಅದು ನೆನಪಿಟ್ಟುಕೊಂಡದ್ದು ದೋಣಿಯನ್ನಲ್ಲ, ದೋಣಿ ಆ ಕ್ಷಣದಲ್ಲಿದ್ದ ಜಾಗವನ್ನು. ದೋಣಿ ಮುಂದೆ ಹೋಯಿತು.

ಓಯ್ವನ ತಪ್ಪು: ಹಿಂದೆ ಯಾವುದೋ ಬೆನ್ನಟ್ಟಿ ಬರುತ್ತಿದೆ ಎಂದರೆ ಅವನಿಂದ ತಡೆಯಲಾಗುವುದಿಲ್ಲ. ಅದು ಲಾರಿಯಾದರೂ ಸರಿ, ಬೆಣ್ಣೆಯ ಪೊಟ್ಟಣದಷ್ಟೂ ತೂಕವಿಲ್ಲದ ಆಟಿಕೆಯಾದರೂ ಸರಿ.

೬

ರೌನೊ ಮತ್ತು ಹಿಲ್ಕಾ ಕಟ್ಟೆಯಲ್ಲಿ ಉಳಿದರು. ಕಾರು ಇಳಿದು ಹೋಯಿತು, ಡ್ರೋನ್ ಅದರ ಬೆನ್ನಿಗೆ ತಗ್ಗಿನಲ್ಲೇ ಹಾರಿತು. ರೌನೊ ಪರದೆಗೆ ಮುಖ ಇಟ್ಟ. ಅಂಗೈಯಗಲದ ಪರದೆಯಲ್ಲಿ ಬೆಂಕಿಪೊಟ್ಟಣದಷ್ಟು ಕಾರು, ಅದರ ಹಿಂದೆ ಧೂಳಿನ ಬಾಲ. ಅವನ ತುಟಿ ತಾನಾಗಿಯೇ ಅಲುಗುತ್ತಿತ್ತು. "ಎಡ ನಾಲ್ಕು. ದಿಬ್ಬ. ಬಲ ಎರಡು, ಹೋಗ್ತಾ ಕಡಿದಾಗುತ್ತೆ."

"ಯಾರಿಗೆ ಓದ್ತಿದ್ದೀಯಾ?" ಎಂದಳು ಹಿಲ್ಕಾ.

"ಯಾರಿಗೂ ಇಲ್ಲ."

ಎರಡನೇ ದಿಬ್ಬದ ಮೇಲೆ ಓಯ್ವ ಕನ್ನಡಿಯಲ್ಲಿ ಡ್ರೋನನ್ನು ಕಂಡ. ಆಮೇಲೆ ನಲವತ್ತು ಎಂಬುದು ಅಜ್ಜಿಯ ಪಾಲಾಯಿತು.

"ಕತ್ತೆ ನನ್ಮಗ," ಎಂದ ರೌನೊ ಮೆತ್ತಗೆ. ಪರದೆಯಲ್ಲಿ ಕಾರು ಬೆಂಕಿಕಡ್ಡಿಯ ತಲೆಯಷ್ಟಾಯಿತು, ಸ್ಪ್ರೂಸ್ ಮರಗಳ ಮರೆಗೆ ಹೋಯಿತು. ಡ್ರೋನೂ ಅದರ ಹಿಂದೆ ನುಗ್ಗಿತು. ಚಿತ್ರ ನಡುಗಿ, ಬೂದುಬಣ್ಣಕ್ಕೆ ತಿರುಗಿ, ನಿಂತುಹೋಯಿತು.

೭

ಈಗ ಕೊನೆಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಡ್ರೋನ್ ನಡುನೀರಿಗೆ ಹಿಂತಿರುಗಿ, ಕರಾರುವಾಕ್ಕಾಗಿ ತಾನು ಹೊರಟ ಜಾಗದಲ್ಲೇ ಇಳಿದು ಮುಳುಗಿತು. ಚಿತ್ರ ಅದರೊಳಗಿನ ಕಾರ್ಡಿನಲ್ಲಿತ್ತು. (ಸಾಧ್ಯತೆ ಹೆಚ್ಚು. ಓದುಗರಿಗೆ ಬೇಸರವೂ ಹೆಚ್ಚು.)

ಆ) ಅದೇ ಹೊತ್ತಿಗೆ ದೋಣಿ ಹಿಂತಿರುಗುವ ದಾರಿಯಲ್ಲಿ ಸರಿಯಾಗಿ ಅಲ್ಲಿಗೇ ಬಂದಿತ್ತು. ಡ್ರೋನ್ ಡೆಕ್ಕಿನ ಮೇಲೆ ಕೂತಿತು. (ಇದನ್ನು ಬರೆದು ಒಂದು ದಿನ ಹೆಮ್ಮೆಪಟ್ಟೆ. ನಂತರ ದೋಣಿ ನಡೆಸುವವನನ್ನು ಕೇಳಿದೆ. "ನಾನು ಆಚೆ ದಡದಲ್ಲಿ ನಿಲ್ಲಿಸ್ಕೊಂಡು ಬ್ರೆಡ್ ತಿಂತಿದ್ದೆ. ನಿಮ್ಮದು ನೀರ ಮೇಲೆ ನಿಂತ್ಕೊಂಡು ಏನೋ ಹುಡುಕ್ತಾ ಇತ್ತಪ್ಪ," ಎಂದ. ಸಾಕ್ಷಿ ಹೀಗೆ ಹೇಳಿದ ಮೇಲೆ ಬರೆಯುವಂತಿಲ್ಲ.)

ಇ) ಕಾರು ಚರಂಡಿಗೆ ಬಿತ್ತು.

"ಇವತ್ತಲ್ಲ," ಎಂದ ಓಯ್ವ. ಅವನು ಈ ಕಥೆಯಲ್ಲಿ ನನ್ನ ಜೊತೆ ಮಾತಾಡಿದ್ದು ಇದೊಂದೇ ಸಲ.

೮

ನಡೆದದ್ದು ಇದು. ರೌನೊ ರಿಮೋಟಿನ ಗುಂಡಿಗಳನ್ನು ಒತ್ತುತ್ತಲೇ ಇದ್ದ. ಪರದೆ ಬೂದುಬಣ್ಣವಾಗಿಯೇ ಇತ್ತು. ನೀರಿನ ಕಡೆಯಿಂದ ಸೊಳ್ಳೆಯಂಥ ಗುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ಕಾಡಿನ ಕಡೆಯಿಂದ ಇನ್ನೊಂದು ಸದ್ದು. ಅದನ್ನು ಅವನ ಸೊಂಟ ಮೊದಲು ಗುರುತಿಸಿತು.

"ರೌನೊ," ಎಂದಳು ಹಿಲ್ಕಾ. "ತಲೆ ಎತ್ತು."

"ಒಂದು ನಿಮಿಷ, ಇದು..."

"ಲೋ, ತಲೆ ಎತ್ತೋ."

ಎತ್ತಿದ. ಕೊಲ್ಲಿಯ ಕೊನೆಯ ತಿರುವಿನಲ್ಲಿ, ಎಡ ಮೂರರಲ್ಲಿ, ಸಾಬ್ ಮೂತಿಯನ್ನು ಒಳಗೆ ತಿರುಗಿಸಿ, ಬೆನ್ನನ್ನು ನೀರಿನ ಕಡೆಗೆ ಬಿಟ್ಟು, ಅಡ್ಡಡ್ಡವಾಗಿ ಬಂತು, ಜಲ್ಲಿ ಸರೋವರಕ್ಕೆ ಸಿಡಿಯಿತು, ನೆಟ್ಟಗಾಯಿತು, ಕಟ್ಟೆಗೆ ಬಂದು ನಿಂತಿತು.

(ಇಲ್ಲಿ ಒಂದು ಉಪಮೆ ಇತ್ತು. ರೌನೊ ಕೇಳುವ ಮೊದಲೇ ತೆಗೆದಿದ್ದೇನೆ.)

ಓಯ್ವ ಗಾಜು ಇಳಿಸಿದ. "ಸಿಕ್ತಾ?"

"ಇಲ್ಲ."

"ಎಲ್ಲಿ ಅದು?"

ರೌನೊ ಗದ್ದದಿಂದ ನೀರಿನ ಕಡೆ ತೋರಿಸಿದ. ಓಯ್ವ ಅತ್ತ ನೋಡಿದ, ನಕ್ಕ, ಮತ್ತೆ ಗೆಳೆಯನ ಮುಖ ನೋಡಿದ. ನಗು ನಿಂತಿತು.

"ನೀನು ನೋಡ್ದ್ಯಾ?"

"ಕೊನೇದನ್ನ ನೋಡ್ದೆ."

"ಹೇಗಿತ್ತು?"

ಈ ಪ್ರಶ್ನೆಗೆ ನಾನು ರೌನೊಗೆ ಮೂರು ಉತ್ತರ ಬರೆದುಕೊಟ್ಟಿದ್ದೆ. ಮೂರನ್ನೂ ಅವನು ಹಿಂತಿರುಗಿಸಿದ.

"ನಾನು ಅದನ್ನ ಯಾವಾಗ್ಲೂ ಎಡ ಮೂರು ಅಂತ ಓದ್ತಿದ್ದೆ," ಎಂದ ಕೊನೆಗೆ. "ಅದು ಎರಡು ಕಣೋ. ಇಷ್ಟು ವರ್ಷ ತಪ್ಪು ಓದಿದ್ದೀನಿ."

"ಗೊತ್ತಿತ್ತು," ಎಂದ ಓಯ್ವ. "ನೀನು ಮೂರು ಅಂದಾಗೆಲ್ಲ ನಾನು ಎರಡು ಅಂತ ಕೇಳಿಸ್ಕೊಳ್ತಿದ್ದೆ."

ಹಿಲ್ಕಾ ಆಕಾಶ ನೋಡಿದಳು. "ಬೆಳಕು ಇನ್ನೂ ಇದೆ," ಎಂದಳು.

ಓಯ್ವ ಕಾರು ತಿರುಗಿಸಿದ.

೯

ಡ್ರೋನ್ ಏನಾಯಿತು ಎಂದು ಕೇಳುತ್ತೀರಿ. ಗೊತ್ತಿಲ್ಲ. ಗುಂಯ್‌ಗುಟ್ಟುವುದು ನಿಂತಿದೆ, ಆದರೆ ಆ ಕಡೆ ಯಾರೂ ನೋಡುತ್ತಿಲ್ಲ. ರೌನೊ ರಿಮೋಟನ್ನು ಜೇಬಿಗೆ ತುರುಕಿ, ಕೈಯನ್ನೂ ಅಲ್ಲೇ ಬಿಟ್ಟು, ಕತ್ತು ನೆಟ್ಟಗೆ ಮಾಡಿ ನಿಂತಿದ್ದಾನೆ. ಕಾರಿನ ಸದ್ದು ಈಗ ಮೊದಲ ದಿಬ್ಬ ದಾಟಿತು. ಎರಡನೆಯದು. ಈಗ ಮರಗಳ ಹಿಂದೆ. ಮುಂದಿನದು ಕೊನೆಯ ತಿರುವು, ಎಡ ಎರಡು.

ಅಲ್ಲಿ ಏನಾಗುತ್ತದೆ ಎಂದು ನನ್ನಿಂದ ಬರೆಯಲಾಗದು. ಬರೆಯಬೇಕಾದರೆ ತಲೆ ತಗ್ಗಿಸಬೇಕು.